ಬರೆಯದೆ ಲೇಖಕನಾದ ಲಕ್ಷ್ಮೀಕಾಂತ್

ಸದಾಶಿವನಗರದ ನಮ್ಮ ಬೀದಿಯಲ್ಲಿ ಲಕ್ಷ್ಮೀಕಾಂತ್ ಮನೆಯ ಗೇಟಿಗೆ ‘ಸಾಹಿತಿ’ ಎಂಬ ಬೋರ್ಡು ಬಂದು ಎರಡು ವರ್ಷವಾಯಿತು. ಅದಕ್ಕೆ ಮೊದಲು ಅವನು ಖಾಸಗಿ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತಿದ್ದ. ಪಾಠವೆಂದರೆ ಗೈಡು ಹಿಡಿದು ಓದುವುದು. ಎಐ ಬಂದ ಮೇಲೆ ಗೈಡೂ ಬೇಡವಾಯಿತು. ಕಾಲೇಜು ಬಿಟ್ಟು, ಊರಿನಲ್ಲಿ ನಾಲ್ಕು ಜನಕ್ಕೆ ಬೇಕಾದವರಾಗಿ ಬದುಕಿ ತೀರಿಕೊಂಡವರ, ನಿವೃತ್ತರಾಗಿ ಮನೆಯಲ್ಲಿ ಕೂತವರ ಜೀವನಚರಿತ್ರೆ ಬರೆದುಕೊಡುವ ಕಸುಬು ಹಿಡಿದ. ಫೋನಿನಲ್ಲಿ ಹೆಸರು, ಊರು, ಉದ್ಯೋಗ ಹಾಕಿ ‘ಭಾವಪೂರ್ಣವಾಗಿ ಬರೆ’ ಎನ್ನುವನು. ಕಾಫಿ ಆರುವುದರೊಳಗೆ ಒಂದು ಅಧ್ಯಾಯ ಬಂದಿರುತ್ತಿತ್ತು. ಅದನ್ನು ಓದಿ ನೋಡುವ ತೊಂದರೆಯನ್ನೂ ಅವನು ತೆಗೆದುಕೊಳ್ಳುತ್ತಿರಲಿಲ್ಲ.

ಆಶ್ಚರ್ಯವೆಂದರೆ, ಅದನ್ನೆಲ್ಲ ತಾನೇ ಬರೆದೆನೆಂದು ಅವನು ನಿಜವಾಗಿ ನಂಬಿದ್ದ. ಲೇಖಕರ ಬರಹಗಳಿಂದ ಮಷಿನ್ನಿಗೆ ಕಲಿಸುವ ಎಐ ಕಂಪನಿಗಳು ಅವರಿಗೆ ರಾಯಲ್ಟಿ ಕೊಡಬೇಕೆಂದು ಕೇಂದ್ರದ ಸಮಿತಿಯೊಂದು ಸಲಹೆ ಮಾಡಿದ ಸುದ್ದಿ ಬಂದ ದಿನ, ಪೇಪರು ಹಿಡಿದುಕೊಂಡೇ ನಮ್ಮ ಮನೆಗೆ ಬಂದ.

“ನಮ್ಮಂಥೋರ ಶ್ರಮ ತಿಂದು ಬೆಳೆದವ್ರೆ ಸಾರ್,” ಎಂದ. ಹೇಳುತ್ತ ಪೇಪರನ್ನು ಎದೆಗೆ ಒತ್ತಿಕೊಂಡ. ನಗು ತೋರಬಾರದೆಂದು ನಾನು ನೀರು ತರುವ ನೆಪದಲ್ಲಿ ಎದ್ದು ಒಳಗೆ ಹೋದೆ.

ಕುಣಿಗಲ್ಲಿನ ಉಮಾಮಹೇಶ್ವರಿಯವರು ಅವನ ಬಳಿಗೆ ಬಂದದ್ದು ಅದೇ ಸುಮಾರಿಗೆ. ಅವರು ಶಾಲೆಯಲ್ಲಿ ಟೀಚರು. ಅವರ ತಂದೆ ಶಿವರಾಮಯ್ಯನವರು ಜೀವಮಾನವೆಲ್ಲ ಕುದುರೆ ಫಾರಂನಲ್ಲಿ ಮರಿಗಳನ್ನು ಸಾಕಿದವರು. ಹಿಂದಿನ ವರ್ಷ ತೀರಿಕೊಂಡಿದ್ದರು. ಕಾಯಿಲೆಯಲ್ಲಿ ಮಲಗಿದ್ದಾಗ ಅವರು ಹೇಳಿದ್ದನ್ನೆಲ್ಲ ಮಗಳು ರೆಕಾರ್ಡ್ ಮಾಡಿಟ್ಟುಕೊಂಡಿದ್ದರು. ಅದನ್ನು ಪೆನ್‌ಡ್ರೈವಿಗೆ ಹಾಕಿ ತಂದುಕೊಟ್ಟು, ಪೂರ್ತಿ ಕೇಳಿ ಬರೆಯಿರಿ, ಅಪ್ಪ ಮಾತಾಡಿದ ಹಾಗೇ ಇರಲಿ ಎಂದು ಕೇಳಿಕೊಂಡರು. ಲಕ್ಷ್ಮೀಕಾಂತ್ ಕಣ್ಣು ಮುಚ್ಚಿ ತಲೆಯಾಡಿಸಿದ. ಆಮೇಲೆ ಅದನ್ನು ಡ್ರಾಯರಿಗೆ ಹಾಕಿ ಮರೆತ.

ಪುಸ್ತಕ ಬಂತು, ಬಿಡುಗಡೆಯಾಯಿತು, ನೆಂಟರೆಲ್ಲ ಬಂದು ಊಟ ಮಾಡಿದರು. ಮನೆಗೆ ಹೋಗಿ ಓದಿದಾಗ ಉಮಾಮಹೇಶ್ವರಿಯವರಿಗೆ ತಂದೆ ಬೀದಿದೀಪದ ಕೆಳಗೆ ಓದಿ ಮೇಲೆ ಬಂದದ್ದು ತಿಳಿಯಿತು. ಶಿವರಾಮಯ್ಯನವರಿಗೆ ರುಜು ಹಾಕಲು ಮಾತ್ರ ಬರುತ್ತಿತ್ತು. ಫೋನು ಮಾಡಿ ಕೇಳಿದರೆ, ಓದುವವರಿಗೆ ಸ್ಫೂರ್ತಿ ಬರಲೆಂದು ಸ್ವಲ್ಪ ಸೇರಿಸಬೇಕಾಗುತ್ತದೆ ಎಂದು ಇವನು ಬುದ್ಧಿ ಹೇಳಿದ.

ಕೆಲವು ವಾರಗಳ ನಂತರ ಗುಬ್ಬಿಯಲ್ಲಿ ಇನ್ನೊಂದು ಪುಸ್ತಕ ಬಿಡುಗಡೆಯಾಯಿತು. ಕೊಬ್ಬರಿ ವ್ಯಾಪಾರಿ ಗಂಗಹನುಮಯ್ಯನವರ ಜೀವನಚರಿತ್ರೆ. ಬರೆದವನು ಅಶ್ವಥ್ ಎಂಬ ಹುಡುಗ, ಇದೇ ಕಸುಬಿನವನು. ಅತಿಥಿಯಾಗಿ ಹೋಗಿದ್ದ ಲಕ್ಷ್ಮೀಕಾಂತ್ ವೇದಿಕೆಯ ಮೇಲೆ ಪುಟ ತಿರುವಿದ. ಅದೇ ಬೀದಿದೀಪ. ಮನೆಗೆ ಬಂದು ತನ್ನ ಪುಸ್ತಕ ತೆಗೆದರೆ ಅಲ್ಲೂ ಅದೇ ತಾಯಿ, ಸಾಯುವಾಗ ಅದೇ ಮಾತು. ವಾಕ್ಯಕ್ಕೆ ವಾಕ್ಯ ಒಂದೇ. ತನ್ನ ಪುಸ್ತಕವನ್ನೂ ಅವನು ಪೂರ್ತಿ ಓದಿದ್ದು ಅವತ್ತು ಸಂಜೆಯೇ ಇರಬೇಕು, ಹೋಲಿಸಿ ನೋಡಲಿಕ್ಕೆ.

ಕೃತಿಚೌರ್ಯದ ಕೇಸು ಹಾಕುತ್ತೇನೆಂದು ಹೊರಟ. ಜೊತೆಗಿರಲೆಂದು ನನ್ನನ್ನೂ, ಸಾಕ್ಷಿಗೆಂದು ಉಮಾಮಹೇಶ್ವರಿಯವರನ್ನೂ ವಕೀಲೆ ತ್ರಿವೇಣಿಯವರ ಆಫೀಸಿಗೆ ಕರೆಸಿದ. ತ್ರಿವೇಣಿಯವರು ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟು ನೋಡಿ, ಇದನ್ನು ನೀವೇ ಬರೆದಿರಾ ಎಂದು ಕೇಳಿದರು.

“ನಾನೇ ಬರೆಸಿದ್ದು,” ಎಂದ.

ಕಂಪ್ಯೂಟರಿನಿಂದಾದ ಕೃತಿಗೆ, ಅದನ್ನು ಆಗುವಂತೆ ಮಾಡಿದವರೇ ಕರ್ತೃ ಎಂದು ನಮ್ಮ ಕಾಯ್ದೆಯಲ್ಲಿ ಒಂದು ಮಾತಿದೆ, ಎಐಗೆ ಅದು ಎಷ್ಟರಮಟ್ಟಿಗೆ ಹೊಂದುತ್ತದೆಂಬುದು ಇನ್ನೂ ಇತ್ಯರ್ಥವಾಗಿಲ್ಲ ಎಂದು ಅವರು ವಿವರಿಸಿದರು. ಲಕ್ಷ್ಮೀಕಾಂತನ ಮುಖ ಅರಳಿತು. ಆದರೆ ಅವರು ಮಾತು ಮುಗಿಸಿರಲಿಲ್ಲ. “ಅವ್ರು ನಿಮ್ಮ ಪುಸ್ತಕ ನೋಡಿ ನಕಲು ಮಾಡಿದ್ರು ಅಂತ ನೀವು ತೋರಿಸ್ಬೇಕು ಸಾರ್. ಅವ್ರೂ ಅದೇ ಮಷಿನ್ನಿಗೆ ಅದೇ ಮಾತು ಕೇಳಿದ್ರೆ, ನಿಮ್ಮದನ್ನ ಕದ್ದಂಗೆ ಹೇಗಾಯ್ತು?”

ಆಗ ಉಮಾಮಹೇಶ್ವರಿಯವರು, ಪೆನ್‌ಡ್ರೈವಿನಲ್ಲಿದ್ದದ್ದನ್ನು ಕೇಳಿದಿರಾ ಎಂದರು. ಟೈಮ್ ಆಗಲಿಲ್ಲ, ಆದರೂ ಅಪ್ಪನವರ ಆತ್ಮ ಪುಸ್ತಕದಲ್ಲಿ ಬಂದಿದೆ ಎಂದ ಆ ಮಹಾಶಯ.

“ಇದ್ರಲ್ಲಿ ನಮ್ಮಪ್ಪನೂ ಇಲ್ಲ, ಆ ಕೊಬ್ಬರಿ ಯಜಮಾನ್ರೂ ಇಲ್ಲ,” ಎಂದರು ಅವರು, ದನಿ ಏರಿಸದೆ. “ಏನು ಕಳವಾಯ್ತು ಅಂತ ಕೇಸ್ ಹಾಕ್ತೀರ?”

ಲಕ್ಷ್ಮೀಕಾಂತ್ ಪುಸ್ತಕಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದ. ವಾಪಸು ಬರುವಾಗ ಆಟೋದಲ್ಲಿ, ಆ ಲಾಯರಿಗೆ ಸಾಹಿತ್ಯದ ಗಂಧವಿಲ್ಲ ಎಂದು ನನ್ನ ಬಳಿ ಗೊಣಗಿದ. ನಾಚಿಕೆಯೆನ್ನುವುದು ಅವನ ಹತ್ತಿರ ಸುಳಿಯಲಿಲ್ಲ.

ಉಮಾಮಹೇಶ್ವರಿಯವರು ಅವತ್ತೇ ಅವನ ಮನೆಗೆ ಬಂದು ಪೆನ್‌ಡ್ರೈವ್ ಇಸಿದುಕೊಂಡು ಹೋದರು. ಈಗ ಶಾಲೆ ಮುಗಿಸಿ ಬಂದು ತಂದೆಯ ಮಾತು ಕೇಳುತ್ತ ತಾವೇ ಟೈಪು ಮಾಡುತ್ತಿದ್ದಾರಂತೆ. ಹಾಲು ಕುಡಿಯದ ಕುದುರೆಮರಿಯ ಪಕ್ಕ ಶಿವರಾಮಯ್ಯನವರು ಹುಲ್ಲಿನ ಮೇಲೆ ಮಲಗಿ ರಾತ್ರಿ ಕಳೆದ ಭಾಗವನ್ನು ನನಗೂ ಕಳಿಸಿದ್ದರು. ಮುಗಿಯುವುದು ತಡವಾಗುತ್ತದೆ, ಅಳು ಬಂದಾಗ ನಿಲ್ಲಿಸಬೇಕಾಗುತ್ತದೆ ಎಂದು ಕೆಳಗೆ ಬರೆದಿದ್ದರು.

ಲಕ್ಷ್ಮೀಕಾಂತ್ ಕೇಸು ಕೈಬಿಟ್ಟು ಅಶ್ವಥ್ ಜೊತೆ ರಾಜಿಯಾದ. ಇಬ್ಬರೂ ಸೇರಿ ಆಫೀಸು ತೆರೆದಿದ್ದಾರೆ, ಗಿರಾಕಿಗಳಿಗೇನೂ ಕೊರತೆಯಿಲ್ಲ. ಹೋದ ವಾರ ಹೆಬ್ಬೂರಿನಲ್ಲಿ ‘ಲೇಖಕರ ಹಕ್ಕುಗಳು’ ಎಂಬ ವಿಷಯದ ಮೇಲೆ ಅವನ ಉಪನ್ಯಾಸವಿತ್ತು. ಬನ್ನಿ ಸಾರ್, ಕಾರಿದೆ ಎಂದು ಕರೆದ. ಮೊಣಕಾಲು ನೋವೆಂದು ಹೇಳಿ ಬಾಗಿಲು ಹಾಕಿಕೊಂಡೆ.