ಎಡಗಡೆಯ ಗುಂಡಿ

ನಾನು ಕೈಯಲ್ಲಿ ಕಲ್ಲು ಹಿಡಿದು ಓಡುತ್ತಿದ್ದವಳು. ನಮ್ಮೂರು ಮಾಕಳಿಯಲ್ಲಿ ಬೆಳಗಿನ ಐದಕ್ಕೆ ಹೆಂಗಸೊಬ್ಬಳು ಓಡಲು ಹೊರಟರೆ ನಾಯಿಗಳಿಗೂ ಗಂಡಸರಿಗೂ ಒಂದೇ ಕುತೂಹಲ. ಬಲಗೈಯಲ್ಲಿ ನಿಂಬೆಹಣ್ಣಿಗಿಂತ ತುಸು ದಪ್ಪದ ಜಲ್ಲಿಕಲ್ಲು, ಎಡಗೈ ಖಾಲಿ. ಹೀಗೆ ಒಂಬತ್ತು ವರ್ಷ ಓಡಿದ್ದೇನೆ. ನಾಯಿಗಳಿಗೆ ಎಷ್ಟು ಸಲ ಎಸೆದಿದ್ದೇನೋ ನೆನಪಿಲ್ಲ. ಮನುಷ್ಯನಿಗೆ ಹೊಡೆದದ್ದು ಒಂದೇ ಸಲ. ಹೈವೇ ಪಕ್ಕದ ಸರ್ವೀಸ್ ರಸ್ತೆಯಲ್ಲಿ ಬೈಕ್ ನಿಧಾನ ಮಾಡಿ ನನ್ನ ಸೊಂಟಕ್ಕೆ ಕೈ ಹಾಕಿದವನ ತಲೆಗೆ. ಹೆಲ್ಮೆಟ್ ಇರಲಿಲ್ಲ, ರಕ್ತ ಬಂತು. ಬೈಕ್ ಬೀಳಿಸಿಕೊಂಡು, ಮತ್ತೆ ಎತ್ತಿಕೊಂಡು, ಹಿಂದೆ ನೋಡದೆ ಹೋದ. ಅವತ್ತು ನಾನು ಎರಡು ಕಿಲೋಮೀಟರ್ ಜಾಸ್ತಿಯೇ ಓಡಿದೆ. ಪಶ್ಚಾತ್ತಾಪ ಆಗಲಿಲ್ಲ, ಈಗಲೂ ಇಲ್ಲ.

ನನ್ನದು ಕೈ ಮುಂದು, ಬಾಯಿ ಹಿಂದು. ಗಂಡನ ಮನೆಯಿಂದ ವಾಪಸು ಬಂದದ್ದೂ ಹಾಗೆಯೇ. ಅವನು ಒಂದು ಕೊಟ್ಟ, ನಾನು ಎರಡು ಕೊಟ್ಟೆ. ಊರವರು ಅವನ ಒಂದನ್ನು ಮರೆತು ನನ್ನ ಎರಡನ್ನು ಮಾತ್ರ ನೆನಪಿಟ್ಟುಕೊಂಡರು. ನಮ್ಮದು ಈ ಊರಿನ ಹಳೆಯ ಒಕ್ಕಲುತನದ ಮನೆ. ಹೊಲವಿದ್ದ ಕಡೆ ಈಗ ಫ್ಯಾಕ್ಟರಿ ಶೆಡ್ಡುಗಳಿವೆ, ಹಿತ್ತಲಿದ್ದ ಕಡೆ ನಾಲ್ಕು ಬಾಡಿಗೆ ಕೋಣೆಗಳಿವೆ. ಬಾಡಿಗೆ ಅಣ್ಣನ ಕೈಗೆ ಹೋಗುತ್ತದೆ. ನನ್ನದು ಅಂತ ಇದ್ದದ್ದು ಎರಡೇ, ಬೆಳಗಿನ ಓಟ ಮತ್ತು ಪೀಣ್ಯದಲ್ಲಿ ಪ್ರೆಸ್ ಮೆಷಿನ್ ಕೆಲಸ. ಒಳಗಿನ ಸಿಟ್ಟನ್ನೆಲ್ಲ ಈ ಎರಡು ಕಡೆ ಸುರಿದು ಬರುತ್ತಿದ್ದೆ. ಅದರಿಂದಲೇ ಮನೆಯವರು ಬಚಾವಾಗಿದ್ದರು.

ಹೋದ ಚಳಿಗಾಲದ ಒಂದು ಬೆಳಿಗ್ಗೆ ಕೆರೆ ಏರಿಯ ತಿರುವಿನಲ್ಲಿ ಕಿವಿ ಹರಿದ ಕಂದು ನಾಯಿ ಮೇಲೆ ಬಂತು. ನಮ್ಮದು ಹಳೆಯ ಜಗಳ. ಕೈ ಎತ್ತಿದೆ, ಕಲ್ಲು ನನ್ನ ಕಾಲ ಮೇಲೆಯೇ ಬಿತ್ತು. ಬೆರಳುಗಳು ಕಲ್ಲಿನ ಸುತ್ತ ಪೂರ್ತಿ ಮಡಚಿಕೊಂಡೇ ಇರಲಿಲ್ಲ, ಅದು ನನಗೆ ಗೊತ್ತೂ ಆಗಿರಲಿಲ್ಲ. ನಾಯಿ ಪ್ಯಾಂಟು ಕಚ್ಚಿ ಎಳೆಯಿತು. ಅದರ ದವಡೆಗೆ ಒದ್ದೆ. ನಾಯಿ ಕುಂಯ್ಯೆಂದಿತು, ನಾನೂ ಕಿರುಚಿದೆ. ಒದ್ದವಳು ನಾನೊಬ್ಬಳೇ, ನೋವು ಮಾತ್ರ ಇಬ್ಬರಿಗೂ ಆಯಿತು. ಕಾಲ್ಬೆರಳ ಬುಡದಿಂದ ಮೊಣಕಾಲಿನ ತನಕ ಬೆಂಕಿ ಹತ್ತಿದ ಹಾಗಾಯಿತು.

ಮೊದಲು ಶೂಗಳ ತಪ್ಪು ಅಂದುಕೊಂಡೆ, ಆಮೇಲೆ ಚಳಿಯ ತಪ್ಪು. ಬೆಳಿಗ್ಗೆ ಎದ್ದರೆ ಎರಡೂ ಕೈ ಬಿಗಿದಿರುತ್ತಿದ್ದವು, ಹತ್ತು ಗಂಟೆಯ ತನಕ ಜಡೆ ಹೆಣೆಯಲೂ ಆಗುತ್ತಿರಲಿಲ್ಲ. ಮಾತು ಕೇಳದ ಕೈಯನ್ನು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿಗೆ ಬಡಿದಿದ್ದೇನೆ. ಊದಿಕೊಂಡ ಪಾದವನ್ನು ಶೂಗೆ ತುರುಕಿ, ಹಲ್ಲು ಕಚ್ಚಿ ಎಂಟು ಕಿಲೋಮೀಟರ್ ಓಡಿದ್ದೇನೆ. ಅಮ್ಮ ಬಿಸಿ ಮಾಡಿದ ಎಕ್ಕದ ಎಲೆ ಹಿಡಿದು ಹಿಂದೆಯೇ ಬರುತ್ತಿದ್ದಳು.

"ಓಡಿ ಓಡಿ ಕೀಲೆಲ್ಲ ಸವೆಸ್ಕಂಡವ್ಳೆ. ಎಂಗ್ಸಾಗಿ ಉಟ್ಟಿ ಇಂಗೆ ಓಡ್ತಾರಾ?" ಎನ್ನುತ್ತಿದ್ದಳು.

ಎಲೆಯನ್ನು ಕಿತ್ತು ಚರಂಡಿಗೆ ಎಸೆಯುತ್ತಿದ್ದೆ. ಡಾಕ್ಟರ ಹತ್ತಿರ ಮಾತ್ರ ಹೋಗಲಿಲ್ಲ. ನನ್ನ ಸೋದರತ್ತೆಯ ಬೆರಳುಗಳು ಒಂದು ಕಡೆಗೆ ವಾಲಿಕೊಂಡಿದ್ದನ್ನು ಚಿಕ್ಕಂದಿನಿಂದ ನೋಡಿದ್ದೆ. ಆಕೆಗೆ ಕೊನೆಗೆ ಯಾರಾದರೂ ಅನ್ನ ಕಲಸಿ ಕೊಡಬೇಕಿತ್ತು. ನನಗೆ ಹೆದರಿಕೆಯಾಗಿತ್ತು, ಹೆದರಿಕೆಯಾದಾಗಲೆಲ್ಲ ನನಗೆ ಸಿಟ್ಟೇ ಬರುವುದು.

ನಮ್ಮ ಶೆಡ್ಡಿನಲ್ಲಿ ಸ್ವಿಚ್ ಬೋರ್ಡಿನೊಳಗೆ ಕೂರುವ ತಗಡಿನ ಪಟ್ಟಿ ಮಾಡುತ್ತಿದ್ದೆವು. ಪ್ರೆಸ್ಸಿಗೆ ಎಡಕ್ಕೊಂದು, ಬಲಕ್ಕೊಂದು ಗುಂಡಿ. ಎರಡನ್ನೂ ಎರಡು ಅಂಗೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಭಾರ ಇಳಿದು ತಗಡನ್ನು ಕತ್ತರಿಸುತ್ತದೆ. ಎರಡು ಕೈಯೂ ಗುಂಡಿಯ ಮೇಲಿದ್ದರೆ ಕೈ ಒಳಗೆ ಸಿಕ್ಕುವುದಿಲ್ಲ ಎಂಬುದು ಅದರ ಹಿಂದಿನ ಬುದ್ಧಿ. ಈ ನಂಬಿಕೆಯ ಮೇಲೆ ನಮಗೆಲ್ಲ ಒಂದು ಕೆಟ್ಟ ಅಭ್ಯಾಸ ಬೆಳೆದಿತ್ತು. ತಗಡು ಸರಿಯಾಗಿ ಕೂರದಿದ್ದರೆ ಎಡಗೈಯನ್ನು ಒಳಗೆ ಹಾಕಿ ಸರಿಪಡಿಸುತ್ತಿರುವಾಗಲೇ, ಹೊತ್ತು ಉಳಿಸಲು, ಬಲಗಡೆಯ ಗುಂಡಿಯನ್ನು ಒತ್ತಿ ಹಿಡಿಯುತ್ತಿದ್ದೆವು. ಎಡಗಡೆಯದು ಒತ್ತಿಲ್ಲವಲ್ಲ, ಏನೂ ಆಗುವುದಿಲ್ಲ ಎಂಬ ಧೈರ್ಯ.

ನನ್ನ ಎಡ ಮಣಿಕಟ್ಟು ಬೆಳಗಿನ ಹೊತ್ತು ಗುಂಡಿ ಒತ್ತಲು ಬಿಡುತ್ತಿರಲಿಲ್ಲ. ಒಂದೊಂದು ಒತ್ತಿಗೂ ಮೊಳೆ ಹೊಡೆದ ಹಾಗಾಗುತ್ತಿತ್ತು. ಯಾರಿಗಾದರೂ ಹೇಳಿದರೆ ಪ್ರೆಸ್ಸಿನಿಂದ ಎಬ್ಬಿಸುತ್ತಾರೆ. ಅದಕ್ಕೆ ಸೈಕಲ್ ಟ್ಯೂಬಿನ ಒಂದು ಪಟ್ಟಿ ಕತ್ತರಿಸಿ ತಂದು, ಎಡಗಡೆಯ ಗುಂಡಿಯನ್ನು ಒತ್ತಿದಂತೆಯೇ ಬಿಗಿದು ಕಟ್ಟಿದೆ. ಎಣ್ಣೆ ಹಿಡಿದ ಕಪ್ಪು ಗುಂಡಿಯ ಮೇಲೆ ಆ ಕಪ್ಪು ಪಟ್ಟಿ ಎದ್ದು ಕಾಣುತ್ತಿರಲಿಲ್ಲ. ಆಮೇಲೆ ಬಲಗೈಯೊಂದೇ ಸಾಕಾಯಿತು. ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಹತ್ತು ಗಂಟೆಗೆ ಬೆರಳು ಸಡಿಲವಾದ ಮೇಲೆ ಪಟ್ಟಿ ಬಿಚ್ಚುತ್ತಿದ್ದೆ. ಮೂರು ವಾರ ಹೀಗೆ ನಡೆಯಿತು. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡಿದ್ದೆ.

ಪಕ್ಕದ ಪ್ರೆಸ್ಸಿನಲ್ಲಿ ಕೂರುತ್ತಿದ್ದವಳು ಬಾಗಲಕೋಟೆ ಕಡೆಯವಳು. ನಮ್ಮ ಹಿತ್ತಲಿನ ನಾಲ್ಕನೇ ಕೋಣೆಯಲ್ಲಿ ಗಂಡನ ಜೊತೆ ಬಾಡಿಗೆಗಿದ್ದಳು, ಅವನು ಕಟ್ಟಡಗಳ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಅವಳನ್ನು ಕೆಲಸಕ್ಕೆ ಸೇರಿಸಿದ್ದೂ ನಾನೇ. ಒಬ್ಬರು ಎದ್ದು ಹೋದರೆ ಇನ್ನೊಬ್ಬರು ಅವರ ಪ್ರೆಸ್ ನೋಡಿಕೊಳ್ಳುವುದು ನಮ್ಮಲ್ಲಿ ರೂಢಿ. ಅವತ್ತು ಒಂಬತ್ತೂವರೆಗೆ ನನ್ನ ಕೈ ತಡೆಯಲಾಗದಷ್ಟು ನೋಯುತ್ತಿತ್ತು. ಟೀ ಮಾಡುವಾಕೆಯ ಹತ್ತಿರ ಬಿಸಿನೀರು ಕೇಳಿ ಕೈ ಅದ್ದಿಕೊಂಡು ಬರೋಣ ಅಂತ ಎದ್ದೆ, ಐದು ನಿಮಿಷ ನೋಡಿಕೋ ಅಂತ ಅವಳಿಗೆ ಹೇಳಿದೆ. ಪಟ್ಟಿ ಬಿಚ್ಚಲಿಲ್ಲ. ಮರೆತೆ ಅಂದರೆ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅವಳ ಕಣ್ಣೆದುರು ಬಿಚ್ಚಿದರೆ ಅದೇನು ಅಂತ ಕೇಳುತ್ತಿದ್ದಳು.

ಪ್ರೆಸ್ಸಿನ ಸದ್ದು ನಮಗೆ ಕೇಳಿಸುತ್ತಲೇ ಇರಲಿಲ್ಲ, ಅಷ್ಟು ಅಭ್ಯಾಸವಾಗಿತ್ತು. ಬಿಸಿನೀರಿನಲ್ಲಿ ಕೈ ಅದ್ದಿ ನಿಂತಿದ್ದಾಗ ಒಂದು ಏಟು ಮಾತ್ರ ಬೇರೆ ಕೇಳಿಸಿತು. ಆಮೇಲೆ ಅವಳ ಕೂಗು. ನೋವೆಲ್ಲ ಮರೆತು ಓಡಿದೆ, ಅಷ್ಟು ವೇಗವಾಗಿ ನಾನು ಯಾವತ್ತೂ ಓಡಿಲ್ಲ. ಅವಳ ಎಡಗೈಯ ಎರಡು ಬೆರಳು ಮೊದಲ ಗೆಣ್ಣಿನವರೆಗೆ ಹೋಗಿದ್ದವು. ರಕ್ತ ತಗಡಿನ ಮೇಲೆ ಹರಿದು, ಎಣ್ಣೆಯ ಜೊತೆ ಬೆರೆತು ನೆಲಕ್ಕೆ ಇಳಿಯುತ್ತಿತ್ತು. ಬೇರೆಯವರು ಬರುವುದರೊಳಗೆ ಎಡಗಡೆಯ ಗುಂಡಿಯ ಮೇಲಿನ ಪಟ್ಟಿಯನ್ನು ಕಿತ್ತು ಕೆಲಸದ ಕೋಟಿನ ಜೇಬಿಗೆ ಹಾಕಿಕೊಂಡೆ. ಅವಳ ಕೈಗೆ ವೇಲು ಸುತ್ತುವುದಕ್ಕೂ ಮೊದಲು ನಾನು ಮಾಡಿದ ಕೆಲಸ ಅದು.

ಆಸ್ಪತ್ರೆಗೆ ಆಟೋದಲ್ಲಿ ಹೋಗುವಾಗ ಅವಳು ನನ್ನ ಹೆಗಲಿಗೆ ತಲೆ ಒರಗಿಸಿ ಒಂದೇ ಮಾತು ಹೇಳುತ್ತಿದ್ದಳು.

"ಎಡಗಡೀದು ನಾ ಒತ್ತೇ ಇಲ್ಲ ಯಕ್ಕಾ."

ಗಾಬರಿಯಲ್ಲಿ ಏನು ಒತ್ತಿದೆ ಅಂತ ಗೊತ್ತಾಗುವುದಿಲ್ಲ, ಸುಮ್ಮನಿರು ಅಂದೆ.

ಸಂಜೆಯ ಹೊತ್ತಿಗೆ ಸೂಪರ್‌ವೈಸರ್ ರಿಜಿಸ್ಟರಿನಲ್ಲಿ ಬರೆದಾಗಿತ್ತು. ಬೇಗ ಮುಗಿಸುವ ಆತುರದಲ್ಲಿ ಎಡಗಡೆಯ ಗುಂಡಿಯನ್ನು ಮೊಣಕೈಯಿಂದ ಒತ್ತಿದ್ದಾಳೆ, ತಪ್ಪು ಅವಳದೇ. ಹಾಗೆ ಮೊಣಕೈ ಊರುವವರು ಕೆಲವರು ಇದ್ದದ್ದರಿಂದ ಎಲ್ಲರೂ ನಂಬಿದರು. ಗಾಯ ಮಾಗಿದ ಮೇಲೆ ಅವಳು ಬರುವುದು ಬೇಡ ಅಂತ ಮಾಲೀಕರು ಹೇಳಿದ ಸುದ್ದಿಯೂ ಬಂತು. ನಾನು ಬಾಯಿ ಬಿಟ್ಟರೆ ಪ್ರೆಸ್ ಹೋಗುತ್ತದೆ, ಕೈಯ ಕಾಯಿಲೆ ಬಯಲಾಗುತ್ತದೆ. ಬಿಡದಿದ್ದರೆ ಅವಳ ಕೆಲಸವೂ ಮರ್ಯಾದೆಯೂ ಹೋಗುತ್ತದೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ಒಬ್ಬಳು, ಉಂಡವಳು ಇನ್ನೊಬ್ಬಳು. ನಾನು ಬಾಯಿ ಬಿಡದೆ, ನೋವು ನುಂಗಿಕೊಂಡು ಮತ್ತೆ ಎರಡೂ ಕೈಯಿಂದ ಗುಂಡಿ ಒತ್ತತೊಡಗಿದೆ.

ಗಾಯದ ಬ್ಯಾಂಡೇಜು ಬದಲಿಸಲು ಅವಳನ್ನು ಕರೆದುಕೊಂಡು ಹೋಗುತ್ತಿದ್ದದ್ದು ನಾನೇ. ಮೂರನೆಯ ಸಲ ಅಲ್ಲಿನ ಡಾಕ್ಟರು ಅವಳ ಕೈ ಬಿಟ್ಟು ನನ್ನ ಕೈ ನೋಡತೊಡಗಿದರು. ಫೈಲು ಹಿಡಿದಿದ್ದ ನನ್ನ ಬೆರಳ ಗೆಣ್ಣುಗಳು ಊದಿದ್ದವು. ಮುಷ್ಟಿ ಕಟ್ಟಿ ಅಂದರು, ಆಗಲಿಲ್ಲ. ಅಲ್ಲೇ ಮೇಲಿನ ಮಹಡಿಯಲ್ಲಿದ್ದ ಕೀಲಿನ ಡಾಕ್ಟರ ಹತ್ತಿರ ಕಳಿಸಿದರು. ಆಕೆ ನನಗಿಂತ ಚಿಕ್ಕವಳು. ನನ್ನ ಬಲಗೈಯ ಬೆರಳ ಬುಡಗಳನ್ನೆಲ್ಲ ಒಟ್ಟಿಗೆ ಹಿಡಿದು ಹಿಂಡಿದಳು. ಕಣ್ಣು ಕತ್ತಲೆ ಬಂದು, ನನಗೇ ತಿಳಿಯದೆ ಆಕೆಯನ್ನು ತಳ್ಳಿಬಿಟ್ಟೆ. ಸ್ಟೂಲು ಉರುಳಿತು. ಆಕೆ ಸ್ಟೂಲನ್ನು ಎತ್ತಿಟ್ಟು ಮತ್ತೆ ಕುಳಿತಳು.

"ಆಮೇಲೆ ಹೊಡೀರಿ. ಇನ್ನೊಂದು ಕೈ, ಎರಡು ಕಾಲು ಬಾಕಿ ಇವೆ," ಅಂದಳು.

ಎಲ್ಲ ನೋಡಿದ ಮೇಲೆ ರುಮಟಾಯ್ಡ್ ಸಂಧಿವಾತ ಇರಬಹುದು, ರಕ್ತ ಪರೀಕ್ಷೆಯಾಗದೆ ಹೇಳಲಾರೆ ಅಂದಳು. ಓಟದಿಂದ ಬಂದದ್ದಲ್ಲವಂತೆ. ಮೈಯನ್ನು ಕಾಯಬೇಕಾದ ಶಕ್ತಿಯೇ ತನ್ನ ಕೀಲುಗಳನ್ನು ಶತ್ರು ಅಂದುಕೊಂಡು ಹೊಡೆಯುವ ಕಾಯಿಲೆಯಂತೆ. ನನ್ನ ಮೈಗೂ ನನ್ನ ಬುದ್ಧಿಯೇ ಬಂದಿದೆ ಅಂದುಕೊಂಡೆ.

ರಿಪೋರ್ಟು ಬರಲು ನಾಲ್ಕು ದಿನ, ಅಲ್ಲಿಯ ತನಕ ಓಡಬೇಡಿ ಅಂದಿದ್ದಳು. ಆ ನಾಲ್ಕೂ ಬೆಳಿಗ್ಗೆ ಡಾಕ್ಟರ ಮಾತು ಮೀರಿ ಓಡಿದೆ. ಅದು ಓಟವಲ್ಲ, ನನ್ನನ್ನು ನಾನೇ ಹೊಡೆದುಕೊಳ್ಳುವ ರೀತಿ. ಒಂದೊಂದು ಹೆಜ್ಜೆ ಊರಿದಾಗಲೂ ಪಾದದೊಳಗೆ ಗಾಜು ಮುರಿದ ಹಾಗಾಗುತ್ತಿತ್ತು. ಆಗಲಿ ಅನ್ನಿಸುತ್ತಿತ್ತು. ಕಂದು ನಾಯಿ ಬೊಗಳಲೂ ಇಲ್ಲ, ಕುಂಟುತ್ತಿದ್ದವಳನ್ನು ನೋಡಿ ದಾರಿ ಬಿಟ್ಟು ಕುಳಿತಿತ್ತು. ಅದೇ ನನಗೆ ದೊಡ್ಡ ಅವಮಾನವಾಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಅವಳ ಕೋಣೆಗೆ ಅಮ್ಮ ಕೊಟ್ಟ ಉಪ್ಪಿಟ್ಟು ಕೊಡಲು ಹೋದೆ. ಬಾಗಿಲು ತೆರೆದೇ ಇತ್ತು. ಅಡುಗೆ ಕಟ್ಟೆಯ ಮೇಲೆ ಎರಡು ಲೋಟ ಬೋರಲು ಹಾಕಿ ಅವನ್ನೇ ಗುಂಡಿಗಳು ಮಾಡಿಕೊಂಡಿದ್ದಳು. ಬಲ ಅಂಗೈಯನ್ನು ಒಂದು ಲೋಟದ ಮೇಲಿಟ್ಟು, ಬ್ಯಾಂಡೇಜಿನ ಎಡಗೈಯನ್ನು ನಡುವೆ ಚಾಚಿ, ಮೊಣಕೈ ಇನ್ನೊಂದು ಲೋಟಕ್ಕೆ ಮುಟ್ಟುತ್ತದೆಯೇ ಅಂತ ನೋಡುತ್ತಿದ್ದಳು. ಮುಟ್ಟುತ್ತಿರಲಿಲ್ಲ. ಬಗ್ಗಿ, ತಿರುಗಿ, ಮತ್ತೆ ಮತ್ತೆ ನೋಡಿದಳು. ನನ್ನನ್ನು ಕಂಡು ನಾಚಿಕೊಂಡಳು.

"ತಾಗಿರಬೇಕ್ ಯಕ್ಕಾ. ಅವ್ರೆಲ್ಲಾ ಹೇಳ್ತಾರಂದ್ರ ತಾಗೇ ಇರಬೇಕ್. ಈ ಮೊಣಕೈಗೆ ಬುದ್ಧಿ ಇಲ್ಲ."

ಹಾಗೆನ್ನುತ್ತ ಮೊಣಕೈಯನ್ನು ಗೋಡೆಗೆ ಬಡಿದಳು. ಒಂದಲ್ಲ, ಮೂರು ಸಲ. ಬ್ಯಾಂಡೇಜಿನ ತುದಿ ಕೆಂಪಾಯಿತು. ಅವಳ ಭುಜ ಹಿಡಿದು ತಡೆದೆ. ಉಪ್ಪಿಟ್ಟಿನ ತಟ್ಟೆ ಇಟ್ಟು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆ ಎರಡು ಲೋಟಗಳೇ ಕಣ್ಣ ಮುಂದಿದ್ದವು.

ಶೆಡ್ಡಿನಲ್ಲಿ ನೇರ ಸೂಪರ್‌ವೈಸರ್ ಹತ್ತಿರ ಹೋಗಿ, ಪಟ್ಟಿಯನ್ನು ಮೇಜಿನ ಮೇಲಿಟ್ಟು, ಇದ್ದದ್ದನ್ನೆಲ್ಲ ಹೇಳಿದೆ. ಅವನಿಗೆ ಕೇಳುವುದೇ ಬೇಕಿರಲಿಲ್ಲ.

"ಅಕ್ಕ, ಬರ್ದು ಸೈನ್ ಆಗಿ ಹೋಗ್ಬಿಟ್ಟಿದೆ. ಈಗ ಇದೆಲ್ಲ ಯಾಕೆ ತೆಗೀತೀರಾ? ನಿಮ್ಗೇ ತೊಂದ್ರೆ."

ಊದಿದ ಕೈಯಿಂದಲೇ ಅವನ ಮೇಜಿಗೆ ಗುದ್ದಿದೆ. ಟೀ ಲೋಟ ಬಿದ್ದು ಒಡೆಯಿತು. ನೋವಿಗೆ ಕಣ್ಣಲ್ಲಿ ನೀರು ಬಂತು, ಎರಡನೆಯ ಸಲ ಗುದ್ದಿದೆ. ಮೊಣಕೈಯಿಂದ ಒತ್ತಿದ್ದಾಳೆ ಎಂಬ ಸಾಲು ಹೊಡೆದು ಹಾಕು, ಗುಂಡಿ ಕಟ್ಟಿದವಳು ನಾನು ಅಂತ ಬರಿ, ಬರೆಯುವ ತನಕ ಇಲ್ಲಿಂದ ಕದಲುವುದಿಲ್ಲ ಅಂದೆ. ಮೆಷಿನ್‌ಗಳು ಒಂದೊಂದಾಗಿ ನಿಂತವು, ಎಲ್ಲರೂ ನೋಡುತ್ತಿದ್ದರು. ಅವನು ಬರೆದ. ಕೆಳಗೆ ನಾನು ಸಹಿ ಮಾಡಿದೆ, ಅಕ್ಷರ ವಕ್ರ ಬಂತು. ಪಟ್ಟಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡೆ. ಮಾಲೀಕರಿಗೆ ಫೋನು ಹೋಯಿತು, ನನ್ನನ್ನು ಮನೆಗೆ ಕಳಿಸಿದರು.

ರಿಪೋರ್ಟಿನ ಮಾತು ಇಲ್ಲೇ ಹೇಳಿ ಮುಗಿಸುತ್ತೇನೆ. ಅವತ್ತು ಸಂಜೆ ಬಂತು. ಪೂರ್ತಿ ಖಚಿತ ಅನ್ನಲಾರೆ, ಆದರೆ ಅನುಮಾನ ಬಲವಾಗಿದೆ, ಕಾಯುವುದು ಬೇಡ ಅಂತ ಡಾಕ್ಟರು ಮಾತ್ರೆ ಶುರು ಮಾಡಿದರು. ಈಗ ಬಾವು ಇಲ್ಲದ ದಿನ ಮಾತ್ರ ಓಡುತ್ತೇನೆ, ಮೂರು ಕಿಲೋಮೀಟರ್, ಮುದುಕರ ವೇಗದಲ್ಲಿ. ಕಲ್ಲು ಬಿಟ್ಟಿದ್ದೇನೆ, ಕೋಲು ಹಿಡಿದಿದ್ದೇನೆ. ಪ್ರೆಸ್ಸಿನ ಕೆಲಸ ಹೋಯಿತು. ಅವಳನ್ನು ಮಾತ್ರ ಪ್ಯಾಕಿಂಗಿಗೆ ವಾಪಸು ತೆಗೆದುಕೊಂಡರು. ನಮ್ಮ ಕೋಣೆ ಖಾಲಿ ಮಾಡಿ ಬೇರೆ ಕಡೆ ಹೋಗಿದ್ದಾಳೆ. ನನ್ನ ಜೊತೆ ಮಾತಿಲ್ಲ.

ಕೊನೆಯ ಸಲ ನಾವು ಎದುರಾದದ್ದು ಅವತ್ತೇ, ರಿಪೋರ್ಟಿಗೆ ಹೋಗುವ ಮೊದಲು. ಮಧ್ಯಾಹ್ನ ಮೂರು ಗಂಟೆ. ಅವಳು ಹೊಸಿಲಿನ ಮೇಲೆ ಕುಳಿತಿದ್ದಳು, ಬೆಳಿಗ್ಗೆ ಇಟ್ಟ ತಟ್ಟೆಯನ್ನು ತೊಳೆದು ಪಕ್ಕದಲ್ಲಿಟ್ಟಿದ್ದಳು. ಟ್ಯೂಬಿನ ಪಟ್ಟಿಯನ್ನು ಅವಳ ಮುಂದೆ ಇಟ್ಟೆ.

"ನಿನ್ನ ಮೊಣಕೈ ತಾಗಿಲ್ಲ ಕಣೇ. ಎಡಗಡೆ ಗುಂಡೀನ ಇದ್ರಲ್ಲಿ ಕಟ್ಟಿದ್ದು ನಾನು. ನನ್ನ ಕೈ ನೋವು ಮುಚ್ಚಿಡೋಕೆ ಕಟ್ಟಿದ್ದೆ. ನೀನು ಕೂಗ್ತಿದ್ದಾಗ ಬಿಚ್ಚಿ ಜೇಬಿಗೆ ಹಾಕ್ಕೊಂಡೆ."

ಅವಳು ಪಟ್ಟಿಯನ್ನು ನೋಡಿದಳು. ಎರಡು ಬೆರಳು ಗಿಡ್ಡವಾದ ಕೈಯನ್ನು ನೋಡಿದಳು. ಎದ್ದು ನಿಂತು ಬಲಗೈಯಿಂದ ನನ್ನ ಕೆನ್ನೆಗೆ ಬಾರಿಸಿದಳು. ಕಿವಿ ಗುಂಯ್ ಎಂದಿತು. ಇನ್ನೊಂದು ಬಾರಿಸಿದಳು. ಅಮ್ಮ ಹಿತ್ತಲ ಬಾಗಿಲಲ್ಲಿ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು. ತನ್ನ ಮಗಳು ಈಗ ಏನು ಮಾಡುತ್ತಾಳೆ ಅಂತ ಅವಳಿಗೆ ಗೊತ್ತಿತ್ತು, ಮೂವತ್ತಾರು ವರ್ಷದಿಂದ ನೋಡಿದ್ದಳು. ನಾನು ಕೈ ಎತ್ತಲಿಲ್ಲ. ಮೂರನೆಯದಕ್ಕೂ ಅಲ್ಲೇ ನಿಂತಿದ್ದೆ.

ಪಾಪ, ಕೈ ಆಗದೆ ಸುಮ್ಮನಿದ್ದಳು ಅಂತ ಅಮ್ಮ ಈಗಲೂ ಬಂದವರ ಮುಂದೆ ಹೇಳುತ್ತಾಳೆ. ಹಾಗಲ್ಲ. ನನ್ನ ಬೆರಳುಗಳು ಬಿಗಿದಿರುವುದು ಬೆಳಗಿನ ಹತ್ತರ ತನಕ ಮಾತ್ರ. ಮಧ್ಯಾಹ್ನ ಮೂರಕ್ಕೆ ಅವು ಚೆನ್ನಾಗಿಯೇ ಮಡಚುತ್ತವೆ.