ಹೋಳಿಗೆ ಬಡಿಸುವ ಕೈ ತಡೆದದ್ದು

ಮೂವತ್ತು ವರ್ಷದಿಂದ ಪುಣೆಯಲ್ಲಿದ್ದರೂ ನನ್ನ ಬಡಿಸುವ ಕೈ ಧಾರವಾಡದ್ದೇ. ಊಟಕ್ಕೆ ಕೂತವರು ಮೊದಲ ಸಲ ‘ಸಾಕ್ರಿ’ ಅಂದರೆ ನಾವು ಕೇಳಿಸಿಕೊಳ್ಳುವುದಿಲ್ಲ. ಎರಡನೆಯ ಸಲ ಅಂದರೆ ಸಂಕೋಚ ಎಂದುಕೊಳ್ಳುತ್ತೇವೆ. ಎಲೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ಬಡಿಸುತ್ತೇವೆ. ಇದಕ್ಕೆ ಉಪಚಾರ ಎಂದು ಹೆಸರು. ಇದರಲ್ಲಿ ನನ್ನನ್ನು ಮೀರಿಸುವವರು ನಾವಿರುವ ಹಡಪಸರದಲ್ಲಂತೂ ಇಲ್ಲ.

ಆದರೆ ಕಳೆದ ವರ್ಷ ನನ್ನ ಗಂಡನಿಗೆ ಸಕ್ಕರೆ ಕಾಯಿಲೆ ಜೋರಾಯಿತು. ಮೂರು ತಿಂಗಳಲ್ಲಿ ಇಳಿಯದಿದ್ದರೆ ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕಾಗುತ್ತದೆ ಎಂದರು ಡಾಕ್ಟರು. ಇವರೋ, ಸೂಜಿ ಕಂಡರೆ ಗೋಡೆಯತ್ತ ಮುಖ ತಿರುಗಿಸುವವರು. ನನಗೆ ನಿಜಕ್ಕೂ ಭಯವಾಯಿತು. ಅವರ ತಟ್ಟೆಗೆ ಸಿಹಿ ಬೀಳುವುದು ನನ್ನ ಕೈಯಿಂದ, ಅದನ್ನು ನಿಲ್ಲಿಸಬೇಕಾದವಳೂ ನಾನೇ.

ಅದೇ ದಿನಗಳಲ್ಲಿ, ಇಲ್ಲಿಯೇ ಮನಃಶಾಸ್ತ್ರ ಓದುತ್ತಿರುವ ನನ್ನ ತಂಗಿಯ ಮಗಳು ಒಂದು ಭಾನುವಾರ ಲ್ಯಾಪ್‌ಟಾಪ್ ಹೊತ್ತು ಬಂದಳು. ಶುರುವಾದ ಕೆಲಸವನ್ನು ಜನ ನಡುವೆ ಎಷ್ಟು ಬೇಗ ತಡೆಯಬಲ್ಲರು ಎಂದು ಅಳೆಯುವುದು ಅವಳ ಸಂಶೋಧನೆ. ಪರದೆಯ ಮೇಲೆ ಬಾಣ ಬರುತ್ತದೆ; ಅದು ತೋರಿಸಿದ ಕಡೆಯ ಗುಂಡಿಯನ್ನು ತಟ್ಟನೆ ಒತ್ತಬೇಕು. ಒಮ್ಮೊಮ್ಮೆ ಬಾಣದ ಹಿಂದೆಯೇ ‘ಟುಂಯ್’ ಎನ್ನುತ್ತದೆ. ಆಗ ಹೊರಟ ಬೆರಳನ್ನು ಹಿಡಿದು ನಿಲ್ಲಿಸಬೇಕು. ಟುಂಯ್ ಎಂದಿತು, ನಾನು ಒತ್ತಿದೆ. ಮತ್ತೆ ಟುಂಯ್, ಮತ್ತೆ ಒತ್ತಿದೆ.

“ದೊಡ್ಡವ್ವ, ಸಪ್ಪಳ ಕೇಳಿಸ್ಲಿಲ್ಲೇನು?”

“ಕೇಳಿಸ್ತವಾ. ಒಮ್ಮೆ ಬ್ಯಾಡ ಅಂದಕೂಡ್ಲೆ ಬಿಟ್ಟಬಿಡೂದೇನು?”

ಆಮೇಲೆ ಜಾಣತನ ಮಾಡಿ, ಸಪ್ಪಳ ಬರುತ್ತದೋ ಇಲ್ಲವೋ ನೋಡಿಕೊಂಡು ಒತ್ತತೊಡಗಿದೆ. ಅದಕ್ಕೂ ಬೈದಳು, ಕಾಯುವಂತಿಲ್ಲವಂತೆ. ನಾನು ತಡೆದುಕೊಂಡರೆ ಮುಂದಿನ ಸಪ್ಪಳ ಇನ್ನಷ್ಟು ತಡವಾಗಿ ಬಂದು ಕಷ್ಟ ಕೊಡುತ್ತದೆ, ತಪ್ಪಿದರೆ ಬೇಗ ಬಂದು ಸುಲಭವಾಗುತ್ತದೆ. “ಅರ್ಧಕ್ಕರ್ಧ ಎಲ್ಲಾರೂ ತಪ್ಪತಾರ, ಅದನ್ನ ಮಾಡಿದ್ದ ಹಂಗ ಅದ,” ಎಂದು ಸಮಾಧಾನ ಹೇಳಿದಳು. ಕೆಳಗಿನ ರಸ್ತೆಯಲ್ಲಿ ಸಿಗ್ನಲ್ ಕೆಂಪಾದರೂ ಯಾರೂ ನಿಲ್ಲುವುದಿಲ್ಲ, ನನ್ನೊಬ್ಬಳ ಬೆರಳಿನ ಮೇಲೇಕೆ ಇವಳ ಕಣ್ಣು? ಸೋಫಾದಲ್ಲಿ ಕೂತಿದ್ದ ಗಂಡ ಮುಸಿಮುಸಿ ನಗುತ್ತಿದ್ದರು. ನನಗೆ ರೇಗಿತು. ಇವತ್ತೇ ಊಟದಲ್ಲಿ ಕೈ ನಿಲ್ಲಿಸಿ ತೋರಿಸುತ್ತೇನೆ ಎಂದುಕೊಂಡು ಎದ್ದೆ.

ಹುಡುಗಿ ಬರುತ್ತಾಳೆಂದು ಹೋಳಿಗೆ ಮಾಡಿದ್ದೆ. ಗಂಡನಿಗೆ ಅರ್ಧವೇ ಹಾಕಿದೆ. ಅವರು ತಿಂದು ಮುಗಿಸುವಷ್ಟರಲ್ಲಿ ನನ್ನ ಕೈ ತನ್ನಷ್ಟಕ್ಕೆ ಇನ್ನರ್ಧ ಎತ್ತಿಕೊಂಡು ಅವರ ತಟ್ಟೆಯ ಮೇಲೆ ಬಂದಿತ್ತು.

“ಸಾಕು,” ಎಂದರು.

ಕೈ ನಿಂತಿತು. ನಿಜವಾಗಿ ನಿಂತಿತು! ಹೋಳಿಗೆಯನ್ನು ಡಬ್ಬಿಗೆ ಹಾಕಿ ಮುಚ್ಚಿ, ಹುಡುಗಿಯತ್ತ ಗತ್ತಿನಿಂದ ನೋಡಿದೆ. ಅವಳು ಚಪ್ಪಾಳೆ ತಟ್ಟಿದಳು.

ಗಂಡ ಮಾತ್ರ ತಟ್ಟೆಯನ್ನೇ ನೋಡುತ್ತಿದ್ದರು. ಅವರೂ ಧಾರವಾಡದವರೇ ಎಂಬುದು ನನಗೆ ಆಗ ಹೊಳೆಯಿತು. ಆ ‘ಸಾಕು’ ಬರೀ ಮರ್ಯಾದೆಗೆ ಅಂದದ್ದು. ಹೋಳಿಗೆ ಹೇಗೂ ಬಿದ್ದೇ ಬೀಳುತ್ತದೆಂದು ಬೆರಳು ಮಡಚಿಕೊಂಡು ಕಾಯುತ್ತಿದ್ದರು.

“ಯಾಕ್ರಿ, ಏನಾತು?” ಎಂದೆ.

“ಮದುವಿ ಆದಾಗಿಂದ ನೀ ಒಂದ ದಿನಾನೂ ನನ್ನ ಮಾತು ಕೇಳಿದಾಕಿ ಅಲ್ಲ,” ಎಂದರು ಅವರು ತೀರ ಸಣ್ಣ ದನಿಯಲ್ಲಿ. “ಇವತ್ತ ಯಾಕ ಕೇಳಿದಿ?”

ನನಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಡಬ್ಬಿ ಮಾತ್ರ ತೆರೆಯಲಿಲ್ಲ.