ಮೆತ್ತೆ ಕಾಯ್ದವಳ ಹಾಡು

ವೆರೋನಾದ ಅರೆನಾ ಎಂಬ ಹಳೆಯ ಬಯಲು ರಂಗಮಂದಿರದಲ್ಲಿ ಓರ್ನೆಲ್ಲಾ ಮೂವತ್ತನಾಲ್ಕು ವರ್ಷ ಮೆತ್ತೆ ಬಾಡಿಗೆಗೆ ಕೊಟ್ಟವಳು. ಎರಡು ಸಾವಿರ ವರ್ಷದ ಕಲ್ಲಿನ ಮೇಲೆ ಮೂರು ಗಂಟೆ ಕೂತು ನೋಡಿ, ಆಗ ಗೊತ್ತಾಗುತ್ತದೆ ಮೆತ್ತೆಯ ಮಹಿಮೆ. ಹೆಗಲ ಮೇಲೆ ಇಪ್ಪತ್ತಿಪ್ಪತ್ತು ಮೆತ್ತೆ ಹೊತ್ತು, ಮೊಣಕಾಲೆತ್ತರದ ಮೆಟ್ಟಿಲು ಹತ್ತಿಳಿದು ಅವಳ ಮಂಡಿಗಳೆರಡೂ ಹೋದವು. ನಾಲಗೆ ಮಾತ್ರ ಹೋಗಲಿಲ್ಲ. ಈಗ ಸಾನ್ ಝೇನೋ ಕೇರಿಯ ಬೇಪಿಯ ವೈನ್ ಅಂಗಡಿಯಲ್ಲಿ ಮೂಲೆ ಮೇಜು ಹಿಡಿದು, ಅವನ ಅಡುಗೆಮನೆಗೆ ಹುರುಳಿಕಾಯಿ ಬಿಡಿಸಿಕೊಡುತ್ತಾಳೆ. ಬಂದವರನ್ನೆಲ್ಲ ಗದರುತ್ತಾಳೆ. ಅದಕ್ಕೆ ಸಂಬಳವಿಲ್ಲ.

ಪ್ರತಿ ಸೆಪ್ಟೆಂಬರಿನ ಮೊದಲ ಭಾನುವಾರ ಮಧ್ಯಾಹ್ನ ಅಲ್ಲಿಗೆ ಎಂಬತ್ಮೂರರ ಗುಂಪು ಬರುತ್ತದೆ. ೧೯೮೩ರಲ್ಲಿ ಅರೆನಾದಲ್ಲಿ ನಡೆದ ರಾಕ್ ಕಛೇರಿಯನ್ನು ಕಣ್ಣಾರೆ ಕಂಡವರು. ಆಗ ಭುಜದ ತನಕ ಕೂದಲಿದ್ದವರು, ಈಗ ಬಾಚಣಿಗೆಯೇ ಬೇಡದವರು. ಅವರ ಮುಂದಾಳು ಟುಲ್ಲಿಯೋ, ಕಸುಬಿನಲ್ಲಿ ಕ್ಷೌರಿಕ.

"ಏ ಟುಲ್ಲಿಯೋ, ಕಾಲು ಕೆಳಗಿಡೋ. ಅದೇನು ನಿಮ್ಮಪ್ಪನ ಕುರ್ಚಿಯಾ?" ಓರ್ನೆಲ್ಲಾ ಈ ಸಲವೂ ಹಾಗೇ ಸ್ವಾಗತಿಸಿದಳು.

ಟುಲ್ಲಿಯೋ ಕಾಲಿಳಿಸಿ, ಕುದುರೆ ಮಾಂಸದ ಸಾರಿಗೆ ಮೆಕ್ಕೆಜೋಳದ ಮುದ್ದೆ ಪೊಲೆಂಟಾ ಅದ್ದಿಕೊಳ್ಳುತ್ತ ಕಥೆ ಶುರುಮಾಡಿದ. ಎಲ್ಲರಿಗೂ ಬಾಯಿಪಾಠವಾದ ಕಥೆ, ಆದರೂ ಕೇಳಲೇಬೇಕು. "ನಾನು ಹೊಸ ಕೆಂಪು ಅಂಗಿ ಹಾಕ್ಕೊಂಡು ಹೋಗಿದ್ದೆ. ಇನ್ನೂ ಸಂಜೆ ಬೆಳಕಿತ್ತು. ಎರಡು ಹಾಡು ಆಗಿತ್ತು ಅಷ್ಟೇ, ಕರೆಂಟು ಹೋಯ್ತು. ಗಿಟಾರು ಇಲ್ಲ, ಮೈಕು ಇಲ್ಲ. ಜನ ಸಿಳ್ಳೆ ಹೊಡೆದು ಹೊಡೆದು ರೇಗಿದ್ರು. ಆಗ ಮೇಲಿನ ಮೆಟ್ಟಿಲಿಂದ ಒಬ್ಬ ಹುಡುಗಿ ಹಾಡಿದ್ಲು ನೋಡಿ..."

ಅವಳು ಹಾಡಿದ್ದು ಆ ಬ್ಯಾಂಡಿನದೇ ಹಾಡಿನ ಮೊದಲ ಸಾಲು, 'ಕಲ್ಲಿಗೂ ಎದೆಯುಂಟು, ತಟ್ಟಿ ನೋಡು.' ಅದನ್ನೇ ಎರಡು ಸಲ ಹಾಡಿದಳು. ಹದಿನೈದು ಸಾವಿರ ಜನ ಚಪ್ಪಾಳೆ ತಟ್ಟುತ್ತ ದನಿ ಸೇರಿಸಿದರು. ವೇದಿಕೆಯ ಮೇಲಿನ ಗಾಯಕ ಕುಕ್ಕರಗಾಲಲ್ಲಿ ಕೂತು ಅತ್ತುಬಿಟ್ಟ. ಅಂದಿನಿಂದ ಈ ಗುಂಪು ಎರಡನೇ ಸಾಲನ್ನು ಕೈಬಿಟ್ಟು ಮೊದಲನೆಯದನ್ನೇ ಎರಡು ಸಲ ಹಾಡುತ್ತದೆ. ಅದರಲ್ಲಿ ಗಹನವಾದ ಅರ್ಥವಿದೆಯೆಂದು ಟುಲ್ಲಿಯೋ ಅರ್ಧ ಗಂಟೆ ಕೊರೆಯಬಲ್ಲ.

"ಆ ಹುಡುಗಿ ನಾನೇ ಕಣ್ರೋ" ಎಂದು ಓರ್ನೆಲ್ಲಾ ಮೊದಮೊದಲ ವರ್ಷಗಳಲ್ಲಿ ಹೇಳಿ ನೋಡಿದ್ದಳು. ಮೆತ್ತೆ ಹೊರುವವಳಿಗೂ ರಾಕ್ ಹಾಡಿಗೂ ಎತ್ತಣ ಸಂಬಂಧ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆಮೇಲೆ ಅವಳು ಹೇಳುವುದನ್ನು ಬಿಟ್ಟಳು. ನೋವನ್ನು ಮಾತ್ರ ಬಿಟ್ಟಿರಲಿಲ್ಲ. ಬದುಕಿನಲ್ಲಿ ಒಂದೇ ಒಂದು ಸಲ ಇಡೀ ಅರೆನಾ ತನ್ನ ಮಾತು ಕೇಳಿತ್ತು, ಅದನ್ನೂ ಬೇರೆಯವರಿಗೆ ಕೊಟ್ಟರೆ ಉರಿಯದೆ ಇರುತ್ತದೆಯೇ?

ಈ ಸಲ ಟುಲ್ಲಿಯೋ ಚೀಲದಿಂದ ಹಿತ್ತಾಳೆ ಫಲಕವೊಂದನ್ನು ತೆಗೆದ. ಇವತ್ತೇ ಗೋಡೆಗೆ ಹೊಡೆಯಬೇಕಂತೆ. 'ಅಂದು ಹಾಡಿದ ಬಿಳಿಯುಡುಪಿನ ಮಿಲಾನ್ ಹುಡುಗಿಗೆ' ಎಂದು ಕೆತ್ತಿಸಿದ್ದ.

ಓರ್ನೆಲ್ಲಾಳ ಕೈಯ ಹುರುಳಿಕಾಯಿ ನೆಲಕ್ಕೆ ಬಿತ್ತು. "ಮಿಲಾನಾ? ಮಿಲಾನ್ ಅಂತ ಯಾರು ಹೇಳಿದ್ರು ನಿಂಗೆ?"

"ಆ ಥರ ಧೈರ್ಯ ನಮ್ಮೂರ ಹುಡುಗೀರಿಗೆ ಎಲ್ಲಿತ್ತು ಮಾರಾಯ್ತಿ" ಎಂದ ಟುಲ್ಲಿಯೋ.

ಬೇಪಿ ಸುತ್ತಿಗೆ ತಂದ. ಮೊಳೆ ಗೋಡೆಗೆ ಇಡುವ ಹೊತ್ತಿಗೆ, ಅದೇ ಮೊದಲ ಸಲ ಬಂದಿದ್ದ ವಿಚೆಂಜಾದ ಲೋರಿಸ್ ಕೈಯೆತ್ತಿದ. "ಒಂದ್ನಿಮಿಷ. ಆ ದನಿ ಕೇಳಿಸ್ಕೊಂಡೇ ಹೊಡೀರಿ. ಬ್ರೆಡ್ ಚೀಲದಲ್ಲಿ ಟೇಪ್ ರೆಕಾರ್ಡರ್ ಬಚ್ಚಿಟ್ಕೊಂಡು ಹೋಗಿದ್ದೆ, ಮೇಲೇ ಕೂತಿದ್ದೆ. ಹೋದ ತಿಂಗಳು ಅಟ್ಟ ಗುಡಿಸುವಾಗ ಕ್ಯಾಸೆಟ್ ಸಿಕ್ತು."

ಜೊತೆಗೆ ತಂದಿದ್ದ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದ. ಗೊರಗೊರ ಸದ್ದು, ಸಿಳ್ಳೆ, ಬೈಗುಳ. ಆಮೇಲೆ ಕಂಚಿನ ಕಂಠವೊಂದು, ತೀರಾ ಹತ್ತಿರದಲ್ಲೇ:

"ಏ ಕೆಂಪಂಗಿ, ಮೆತ್ತೆ ಕೆಳಗಿಡೋ. ಅದೇನು ನಿಮ್ಮಪ್ಪನ ಮೆತ್ತೆಯಾ? ಎಸೆದ್ರೆ ಎತ್ಕೊಂಡು ಬರೋರು ಯಾರು, ನಿಮ್ಮಮ್ಮನಾ? ಕೈ ತುರಿಸಿದ್ರೆ ಚಪ್ಪಾಳೆ ತಟ್ರೋ, ತಟ್ರಿ." ಅದರ ಬೆನ್ನಿಗೇ ಅದೇ ಕಂಠದ ಹಾಡು, ಒಂದೇ ಸಾಲು, ಎರಡು ಸಲ. ಆಮೇಲೆ ಹದಿನೈದು ಸಾವಿರ ಜನ.

ಎಲ್ಲರೂ ಮೊದಲು ಮೂಲೆಯ ಮೇಜಿನ ಕಡೆ ನೋಡಿದರು, ಆಮೇಲೆ ಅಂದಿನ ಕೆಂಪಂಗಿಯ ಟುಲ್ಲಿಯೋನನ್ನು ನೋಡಿದರು. ಅವನ ಬೋಳು ತಲೆಯೂ ಕೆಂಪಾಗಿತ್ತು.

"ಎಸೀಲಿಲ್ಲ" ಎಂದ ಮೆಲ್ಲಗೆ. "ಬರೀ ಎತ್ತಿದ್ದೆ."

"ನೀನು ಒಂದು ಎಸೆದಿದ್ದೆ, ಎರಡನೇದು ಎತ್ತಿದ್ದೆ" ಎಂದಳು ಓರ್ನೆಲ್ಲಾ. "ನಲ್ವತ್ತು ವರ್ಷ ನಿನ್ನ ಮಾನ ಕಾಪಾಡಿದೀನಿ, ನೀನು ನನ್ನನ್ನ ಮಿಲಾನಿಗೆ ಸಾಗಹಾಕ್ತೀಯಾ. ಕೈ ಚಪ್ಪಾಳೇಲಿದ್ರೆ ಮೆತ್ತೆ ಎಸೆಯೋಕಾಗಲ್ಲ ಅಂತ ಹಾಡಿದ್ದು ಕಣೋ. ಮಧ್ಯಾಹ್ನ ಬ್ಯಾಂಡಿನವರು ಅಭ್ಯಾಸ ಮಾಡುವಾಗ ಆ ಒಂದು ಸಾಲು ಕಿವಿಗೆ ಬಿದ್ದಿತ್ತು. ಎರಡನೇದು ಬರ್ತಿರ್ಲಿಲ್ಲ, ಅದಕ್ಕೇ ಎರಡು ಸಲ. ಗಹನವಾದ ಅರ್ಥವಂತೆ, ನನ್ನ ತಲೆ."

ಮೊದಲು ನಕ್ಕವನು ಬೇಪಿ. ಆಮೇಲೆ ಇಡೀ ಅಂಗಡಿ ಮೇಜು ಗುದ್ದಿ ಗುದ್ದಿ ನಕ್ಕಿತು. ಓರ್ನೆಲ್ಲಾ ನಗಲಿಲ್ಲ. ಅವಳಿಗೆ ಅಳು ಬಂದಿತ್ತು, ಅದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ.

ಟುಲ್ಲಿಯೋ ಬೇಪಿಯ ಕೈಯಿಂದ ಮೊಳೆ ಕಸಿದು, ಫಲಕವನ್ನು ತೊಡೆಯ ಮೇಲಿಟ್ಟು 'ಬಿಳಿಯುಡುಪಿನ ಮಿಲಾನ್ ಹುಡುಗಿ'ಯನ್ನು ಗೀಚಿ ಗೀಚಿ ಅಳಿಸಿದ. ಮೇಲೆ ಸೊಟ್ಟಸೊಟ್ಟಾಗಿ 'ಮೆತ್ತೆ ಓರ್ನೆಲ್ಲಾ' ಎಂದು ಕೊರೆದ. ತಾನೇ ಗೋಡೆಗೆ ಹೊಡೆದ. ತನ್ನ ಕುರ್ಚಿಯ ಮೆತ್ತೆಯನ್ನು ಕಿತ್ತು ತಂದು ಅವಳ ಕುರ್ಚಿಗೆ ಹಾಕಿದ.

"ಕೂತ್ಕೋಮ್ಮ. ತಪ್ಪಾಯ್ತು."

ಅವಳು ಕೂತಳು. ಮೂವತ್ತನಾಲ್ಕು ವರ್ಷ ಊರಿನವರ ಕೆಳಗೆಲ್ಲ ಮೆತ್ತೆ ಇಟ್ಟವಳು, ತನಗೆ ಒಬ್ಬರು ಇಟ್ಟಿದ್ದು ಇದೇ ಮೊದಲು. ಕಣ್ಣೊರೆಸಿಕೊಂಡು, "ಆಮೇಲೆ ಕರೆಂಟು ಬಂದು ಬ್ಯಾಂಡು ಮತ್ತೆ ಹಾಡುವಾಗ ನಾನು ನೀನೆಸೆದ ಮೆತ್ತೆ ಹುಡುಕ್ತಾ ಕೆಳಗಿದ್ದೆ. ಆ ಎರಡನೇ ಸಾಲು ಏನೂಂತ ಈಗಲಾದ್ರೂ ಹೇಳ್ರೋ" ಎಂದಳು.

"ಹೇಳಲ್ಲ" ಎಂದ ಟುಲ್ಲಿಯೋ. "ನೀನು ಹಾಡಿದ್ದೇ ಸರಿ."

ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತ ಹಾಡಿದರು, ಮೊದಲ ಸಾಲನ್ನೇ, ಎರಡು ಸಲ.